ಕಡಿ ಎನ್ನುವ ಮನಸ್ಸು, ಕಾಪಾಡು ಎನ್ನುವ ಮನಸ್ಸು

ಹಳದಿ ಎಲೆ ರೋಗ ಬಂದ ಅಡಿಕೆ ತೋಟ ಒಮ್ಮೆಲೇ ಸಾಯುವುದಿಲ್ಲ. ಸತ್ತಿದ್ದರೆ ನಮಗೆ ನಿರ್ಧರಿಸಲು ಏನೂ ಉಳಿಯುತ್ತಿರಲಿಲ್ಲ. ಅದು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಸೊರಗುತ್ತದೆ. ಮಳೆಗಾಲದಲ್ಲಿ ಹೊಸ ಸೋಗೆ ಬಿಟ್ಟು ಆಸೆ ಹುಟ್ಟಿಸುತ್ತದೆ. ನವರಾತ್ರಿ ಕಳೆದು ದೀಪಾವಳಿ ಬರುವಷ್ಟರಲ್ಲಿ ಹೊರಸುತ್ತಿನ ಸೋಗೆಗಳ ತುದಿಯಿಂದ ಮತ್ತೆ ಹಳದಿ ಇಳಿಯತೊಡಗುತ್ತದೆ.

ನಮ್ಮದು ಸುಳ್ಯ ತಾಲೂಕಿನಲ್ಲಿ, ಸಂಪಾಜೆಗೆ ಹೋಗುವ ದಾರಿಯ ಒಂದು ಹಳ್ಳಿ. ಮನೆಯ ಹಿಂದೆ ಗುಡ್ಡ, ಮುಂದೆ ತಗ್ಗು, ನಡುವೆ ಮೂರು ಎಕರೆಯ ತೋಟ. ಯಜಮಾನರು ಹೊರಗೆ ಉದ್ಯೋಗದಲ್ಲಿದ್ದುದರಿಂದ ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ತೋಟದ ಕೆಲಸ ನನ್ನ ಕೈಗೆ ಬಂತು. ಬುಡ ಬಿಡಿಸುವುದು, ಸೊಪ್ಪು ಹಾಕಿಸುವುದು, ಮಳೆಗಾಲದಲ್ಲಿ ಮದ್ದು ಬಿಡಿಸುವುದು, ಕೊಯ್ಲು, ಅಂಗಳದಲ್ಲಿ ಒಣಗಿಸುವುದು, ಸುಲಿಸುವುದು, ಎಲ್ಲದರಲ್ಲೂ ನಾನಿದ್ದೇನೆ. ಈ ತೋಟವನ್ನು ಕಡಿಯಬೇಕೋ ಉಳಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಬಂದಾಗ ನನ್ನ ಒಳಮನಸ್ಸು ಎರಡೂ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತಿತ್ತು. ಆ ಎರಡು ಮಾತುಗಳ ನಡುವಿನಿಂದ ನಾನು ಹೇಗೆ ದಾರಿ ಮಾಡಿಕೊಂಡೆ ಎಂಬುದನ್ನು ಬರೆದಿಡಬೇಕೆನ್ನಿಸಿದೆ. ನಮ್ಮ ಕಡೆ ಇಂದು ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಊಟದ ಹೊತ್ತಿಗೆ ಬರುತ್ತದೆ, ಉತ್ತರವಿಲ್ಲದೆ ಏಳುತ್ತದೆ.

ರೋಗದ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು ಹೊಸದಲ್ಲ. ಕೇರಳದಲ್ಲಿ 1914ರಲ್ಲೇ ಇದನ್ನು ಗುರುತಿಸಿದ್ದರು. ಆಮೇಲೆ ನಮ್ಮ ಸುಳ್ಯ, ಸಂಪಾಜೆ, ಅತ್ತ ಶೃಂಗೇರಿ, ಕೊಪ್ಪಗಳಲ್ಲೂ ಬೇರೂರಿತು. ಫೈಟೋಪ್ಲಾಸ್ಮಾ ಎಂಬ ಅತಿ ಸಣ್ಣ ಜೀವಿ ಇದಕ್ಕೆ ಕಾರಣ. ಒಂದು ಜಾತಿಯ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಇರುವಂತೆ ಇದಕ್ಕೆ ಮದ್ದಿಲ್ಲ. ಗೊಬ್ಬರ, ಸುಣ್ಣ, ಬಸಿಗಾಲುವೆ ಸರಿಯಾಗಿದ್ದರೆ ಮರ ಇನ್ನಷ್ಟು ಕಾಲ ತಾಳುತ್ತದೆ, ಅಷ್ಟೇ. ರೋಗ ಹಿಡಿದ ಮರದ ಬೇರಿನ ತುದಿ ಕೊಳೆಯುತ್ತದೆ, ತಲೆ ಸಣ್ಣದಾಗುತ್ತದೆ, ಅಡಿಕೆಯ ತಿರುಳು ಮೆತ್ತಗಾಗಿ ಕಪ್ಪಾಗುತ್ತದೆ. ನಮಗೆ ಮೊದಲು ಎಚ್ಚರಿಕೆ ಕೊಟ್ಟದ್ದೂ ಸೋಗೆಯಲ್ಲ, ಚೀಲ. ಸುಲಿದ ಅಡಿಕೆಯಲ್ಲಿ ಕರಿಗೋಟಿನ, ಅಂದರೆ ಕಪ್ಪಾಗಿ ಕೆಟ್ಟ ಅಡಿಕೆಯ, ಪಾಲು ಪ್ರತಿ ವರ್ಷವೂ ಹೆಚ್ಚುತ್ತಾ ಹೋಯಿತು.

ಚಳಿಗಾಲದ ಬೆಳಿಗ್ಗೆ ತೋಟಕ್ಕೆ ಇಳಿದರೆ ನನ್ನ ಕಣ್ಣು ಒಂದೇ ಮಾತು ಹೇಳುತ್ತಿತ್ತು: ಇದು ಮುಗಿಯಿತು, ಕಡಿದುಬಿಡು, ಇನ್ನೂ ಕೈಯಲ್ಲಿ ಶಕ್ತಿ ಇರುವಾಗಲೇ ಬೇರೆ ಏನಾದರೂ ನೆಡು. ಅದೇ ನಾನು ಜೂನ್ ಕೊನೆಯಲ್ಲಿ ಅದೇ ದಾರಿಯಲ್ಲಿ ನಡೆದರೆ ಸುಳಿ ಸೋಗೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು; ಮರಗಳು ಚೇತರಿಸುತ್ತಿವೆ, ಕೈಯಾರೆ ಕೊಲ್ಲಬೇಡ ಎಂದು ಎದೆ ಹೇಳುತ್ತಿತ್ತು. ಎರಡೂ ಸಲ ಸುಳ್ಳು ಹೇಳಿಕೊಂಡಂತೆ ಅನ್ನಿಸುತ್ತಿರಲಿಲ್ಲ. ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: “ನಿನ್ನ ಮನಸ್ಸು ಹೇಳಿದಂತೆ ಮಾಡು.” ಈ ಸಲಹೆ ನನಗೆ ಯಾವತ್ತೂ ಉಪಯೋಗಕ್ಕೆ ಬರಲಿಲ್ಲ. ಮನಸ್ಸು ಒಂದೇ ಮಾತು ಹೇಳುವವರಿಗೆ ಸಲಹೆಯೇ ಬೇಕಾಗಿಲ್ಲ. ಎರಡು ಹೇಳುವವರಿಗೆ ಇದರಿಂದ ದಾರಿ ಸಿಗುವುದಿಲ್ಲ.

ನಾನು ಮೊದಲು ಮಾಡಿದ್ದು, ಯಾವುದೇ ಒಂದು ಋತುವಿನಲ್ಲಿ ತೀರ್ಮಾನ ಮಾಡುವುದಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡದ್ದು. ಒಂದು ಮಳೆಗಾಲ, ಒಂದು ಕೊಯ್ಲು ಪೂರ್ತಿ ನೋಡಬೇಕು. ಅಲ್ಲಿಯವರೆಗೆ ಕೊಡಲಿಯೂ ಇಲ್ಲ, ಹೊಸ ಗಿಡವೂ ಇಲ್ಲ. ಬರೀ ನೋಡಿದರೆ ಸಾಲದು ಎಂದು ಸಾಲುಗಳಿಗೆ ಸಂಖ್ಯೆ ಕೊಟ್ಟು ಒಂದು ದೊಡ್ಡ ನೋಟ್‌ಬುಕ್‌ನಲ್ಲಿ ಬರೆಯತೊಡಗಿದೆ. ಹಳದಿಯಾದದ್ದೆಲ್ಲ ಹಳದಿ ರೋಗವಲ್ಲ. ನೀರು ನಿಂತರೂ ಸೋಗೆ ಹಳದಿಯಾಗುತ್ತದೆ, ಪೊಟ್ಯಾಶ್ ಅಥವಾ ಮೆಗ್ನೀಸಿಯಂ ಕಡಿಮೆಯಾದರೂ ಆಗುತ್ತದೆ, ಈಚೆಗೆ ಮಲೆನಾಡು–ಕರಾವಳಿಯನ್ನು ಹಿಡಿದಿರುವ ಎಲೆಚುಕ್ಕಿ ರೋಗದಲ್ಲಿ ಕಂದು ಚುಕ್ಕಿಯ ಸುತ್ತ ಹಳದಿ ಉಂಗುರ ಬರುತ್ತದೆ. ಆದ್ದರಿಂದ ಸೋಗೆಯೊಂದನ್ನೇ ನಂಬಲಿಲ್ಲ. ಕೊಯ್ಲಿನ ಹೊತ್ತಿಗೆ ಅನುಮಾನವಿದ್ದ ಮರಗಳ ಅಡಿಕೆಯನ್ನು ಬೇರೆಯಾಗಿಟ್ಟು, ಒಂದೊಂದು ಮರದ್ದೂ ಕೆಲವು ಕಾಯಿ ಒಡೆದು ತಿರುಳು ನೋಡಿದೆ. ತಿರುಳು ಕಪ್ಪಾಗಿದ್ದ ಮರದ ಕಾಂಡಕ್ಕೆ ಸುಣ್ಣದ ಪಟ್ಟಿ ಬಳಿಸಿದೆ. ಕೊಯ್ಲಿಗೆ ಬರುವ ಅಣ್ಣ ದೋಟಿ ಹಿಡಿದು ನಿಂತು, “ಅಕ್ಕಾ, ಹೀಗೆ ಒಂದೊಂದನ್ನೇ ಒಡೆದು ನೋಡಿದರೆ ಕೊಯ್ಲು ಮುಗಿಯುವುದು ಯಾವಾಗ?” ಎಂದು ಕೇಳಿದರು. ಅವರ ದಿನದ ಲೆಕ್ಕ ತಪ್ಪದಂತೆ ನೋಡಿಕೊಂಡೆ. ಆಮೇಲೆ ಅವರೇ ನನಗಿಂತ ಮೊದಲು ಹೇಳತೊಡಗಿದರು, ಇದು ಹೋದ ಮರ, ಇದು ಇನ್ನೂ ಗಟ್ಟಿ ಎಂದು.

ಮಣ್ಣನ್ನೂ ಪರೀಕ್ಷೆ ಮಾಡಿಸಿದೆವು. ನಮ್ಮ ಕಡೆಯ ಮಣ್ಣು ಹುಳಿ, ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ತೋಟದ ಎಲ್ಲ ತುಂಡುಗಳೂ ಒಂದೇ ರೀತಿ ಇಲ್ಲವೆಂಬುದು ಕಾಗದದ ಮೇಲೆ ಕಂಡಾಗ ನನ್ನ ಪ್ರಶ್ನೆಯ ಆಕಾರವೇ ಬದಲಾಯಿತು. ‘ತೋಟ ಕಡಿಯಬೇಕೋ ಬೇಡವೋ’ ಎಂದು ಕೇಳುತ್ತಿದ್ದೆ. ಕೆಳಗಿನ ತಗ್ಗು, ಗುಡ್ಡದ ಬದಿಯ ಮೆಟ್ಟಿಲು ತೋಟ, ಕೆರೆಯ ಪಕ್ಕದ ಮನೆತೋಟ, ಈ ಮೂರಕ್ಕೂ ಒಂದೇ ಉತ್ತರ ಇರಲೇಬೇಕೆಂದು ಯಾರೂ ಹೇಳಿರಲಿಲ್ಲ.

ಈ ಮಧ್ಯೆ ಮನೆಯಲ್ಲಿ ಮಾತು ಬಿಸಿಯಾಗುತ್ತಿತ್ತು. 2021ರಲ್ಲಿ ಹಳೆ ಚಾಲಿಯ (ಒಣಗಿಸಿ ಸುಲಿದು ಇಟ್ಟ ಹಿಂದಿನ ಫಸಲಿನ ಅಡಿಕೆಯ) ಧಾರಣೆ ಕಿಲೋಗೆ ಐನೂರು ರೂಪಾಯಿ ಮುಟ್ಟಿತ್ತು. ಆ ಅಂಕಿ ಯಜಮಾನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ರೋಗದ ಮರ ತೆಗೆದು ಅಲ್ಲೇ ಅಡಿಕೆ ಸಸಿ ಇಡೋಣ ಎಂಬುದು ಅವರ ವಾದ. ನೆರೆಯಲ್ಲಿ ಹಾಗೆ ಇಟ್ಟವರಿದ್ದರು. ಸಸಿ ಚೆನ್ನಾಗಿಯೇ ಬೆಳೆದು, ಫಸಲಿಗೆ ಬರುವ ಹೊತ್ತಿಗೆ ಮತ್ತೆ ಹಳದಿಯಾದುದನ್ನು ನಾನು ನೋಡಿದ್ದೆ. “ನಮ್ಮದು ಹಾಗಾಗಲಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ” ಎಂದರು. ಅನ್ನಿಸುವುದಕ್ಕೆ ಏನು ಹೇಳುವುದು? ನನಗೂ ಅನ್ನಿಸುತ್ತಿತ್ತು, ಅದೂ ಎರಡು ರೀತಿ.

ಆಗ ದಾರಿ ತೋರಿದ್ದು ಮಗಳ ಒಂದು ಮಾತು. ಅವಳು ಬೆಂಗಳೂರಿನಲ್ಲಿ ಮನಃಶಾಸ್ತ್ರ ಓದಿದವಳು. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬಿಬ್ಬರು ಮನಃಶಾಸ್ತ್ರಜ್ಞರು 2009ರಲ್ಲಿ ಸೇರಿ ಬರೆದ ಲೇಖನವೊಂದರ ಸಾರವನ್ನು ಫೋನಿನಲ್ಲಿ ಹೇಳಿದಳು. ಒಳಮನಸ್ಸಿನ ಮಾತನ್ನು ನಂಬಬಹುದೇ ಎಂಬ ವಿಷಯದಲ್ಲಿ ಈ ಇಬ್ಬರೂ ಎದುರು ಬದುರಿನ ಪಕ್ಷದವರು. ಕ್ಲೈನ್ ಬೆಂಕಿ ನಂದಿಸುವ ದಳದ ನಾಯಕರ ಜೊತೆ ಕೆಲಸ ಮಾಡಿ, ಅವರು ಕ್ಷಣದಲ್ಲಿ ಸರಿಯಾದ ನಿರ್ಧಾರ ಮಾಡುವುದನ್ನು ಕಂಡವರು. ಕಾನೆಮನ್ ತರುಣರಾಗಿದ್ದಾಗ ಇಸ್ರೇಲಿನ ಸೇನೆಯಲ್ಲಿ ಯಾರು ಒಳ್ಳೆಯ ಅಧಿಕಾರಿಯಾಗುತ್ತಾರೆಂದು ಅಂದಾಜು ಮಾಡುವ ಕೆಲಸದಲ್ಲಿದ್ದು, ತಾವು ಅಷ್ಟು ನಂಬಿದ ಅಂದಾಜುಗಳು ಹುಸಿಯಾದುದನ್ನು ಕಂಡವರು. ಕೊನೆಗೆ ಇಬ್ಬರೂ ಒಪ್ಪಿಕೊಂಡದ್ದು ಇಷ್ಟು: ಒಳಮನಸ್ಸಿನ ಮಾತನ್ನು ನಂಬಬೇಕಾದರೆ, ಅದು ಕಲಿತ ಜಾಗದಲ್ಲಿ ಒಂದು ಕ್ರಮ ಇರಬೇಕು, ಆ ಕ್ರಮವನ್ನು ಕಲಿಯುವಷ್ಟು ಕಾಲ, ಸರಿ ತಪ್ಪು ತಿಳಿಯುವಂಥ ಅವಕಾಶ ಸಿಕ್ಕಿರಬೇಕು. ಎಷ್ಟು ಗಟ್ಟಿಯಾಗಿ ಅನ್ನಿಸುತ್ತದೆ ಎಂಬುದು ಲೆಕ್ಕಕ್ಕಿಲ್ಲ. “ಅಮ್ಮಾ, ನಿಮಗೆ ಅನ್ನಿಸುವ ಒಂದೊಂದನ್ನೂ ಹಿಡಿದು, ನೀನು ಇದನ್ನು ಎಲ್ಲಿ ಕಲಿತೆ ಎಂದು ಕೇಳಿ ನೋಡಿ” ಎಂದಳು.

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ರಾತ್ರಿ ಊಟದ ನಂತರ ನೋಟ್‌ಬುಕ್ ತೆಗೆದು, ನನ್ನೊಳಗೆ ಏನೇನು ಮಾತಾಡುತ್ತಿದೆ ಎಂದು ಒಂದೊಂದಾಗಿ ಬರೆದೆ. ಎರಡು ಎಂದುಕೊಂಡಿದ್ದೆ, ಬರೆಯಹೊರಟಾಗ ಅವು ಎರಡಾಗಿರಲಿಲ್ಲ.

ಮರವನ್ನು ನೋಡಿ ಹೇಳುವ ಮಾತು ಒಂದು. ಇದನ್ನು ನಾನು ಕಲಿತದ್ದು ತೋಟದಲ್ಲೇ. ದಶಕಗಳಿಂದ ಅದೇ ಮರಗಳ ಕೆಳಗೆ ನಡೆದಿದ್ದೇನೆ. ಹಿಂಗಾರ (ಅಡಿಕೆಯ ಹೂಗೊಂಚಲು) ಒಡೆದಾಗಲೇ ಆ ವರ್ಷದ ಗೊನೆಯನ್ನು ಅಂದಾಜು ಮಾಡಿದ್ದೇನೆ, ಕೊಯ್ಲಿನಲ್ಲಿ ಅದು ಸರಿಯೋ ತಪ್ಪೋ ಎಂದು ಪ್ರತಿ ವರ್ಷ ಉತ್ತರ ಸಿಕ್ಕಿದೆ. ಮರ ಯಾವತ್ತೂ ತನ್ನ ಕ್ರಮ ಬಿಟ್ಟು ನಡೆಯುವುದಿಲ್ಲ. ತಲೆ ಸಣ್ಣದಾಗಿ, ಕಾಂಡದ ಗಂಟುಗಳು ಹತ್ತಿರ ಹತ್ತಿರ ಬಂದ ಮರವನ್ನು ನೋಡಿ ‘ಇದು ಇನ್ನು ಏಳುವುದಿಲ್ಲ’ ಎಂದು ಅನ್ನಿಸಿದರೆ, ಆ ಅನ್ನಿಸಿಕೆಯ ಹಿಂದೆ ದುಡಿಮೆ ಇದೆ. ಇದನ್ನು ನಂಬಬಹುದು. ಆದರೆ ಇಲ್ಲೂ ಒಂದು ಭಾಗವನ್ನು ಕಳೆಯಬೇಕಾಗಿತ್ತು. ಮಳೆಗಾಲದ ಹಸಿರು ನೋಡಿ ಏಳುವ ಆಸೆ ಒಂದೊಂದು ಮರವನ್ನು ನೋಡಿ ಹುಟ್ಟಿದ್ದಲ್ಲ, ಇಡೀ ತೋಟದ ಬಣ್ಣ ನೋಡಿ ಹುಟ್ಟಿದ್ದು. ನೋಟ್‌ಬುಕ್‌ನಲ್ಲಿ ಜೂನ್‌ನ ಪುಟವನ್ನೂ ಡಿಸೆಂಬರ್‌ನ ಪುಟವನ್ನೂ ಅಕ್ಕಪಕ್ಕ ಇಟ್ಟಾಗ, ಸುಣ್ಣದ ಪಟ್ಟಿ ಬಿದ್ದ ಯಾವ ಮರವೂ ಮಳೆಗಾಲ ಕಳೆದ ಮೇಲೆ ಸುಧಾರಿಸಿರಲಿಲ್ಲ. ‘ಚೇತರಿಸುತ್ತಿದೆ’ ಎಂಬ ಮಾತಿನ ಕೆಳಗೆ ಒಂದೇ ಒಂದು ಮರದ ಹೆಸರನ್ನೂ ಬರೆಯಲಾಗಲಿಲ್ಲ.

ಧಾರಣೆಯ ಮಾತು ಇನ್ನೊಂದು. ‘ಅಡಿಕೆ ಇನ್ನೂ ಏರುತ್ತದೆ’, ‘ಅಡಿಕೆಯ ಕಾಲ ಮುಗಿಯಿತು, ಬಯಲುಸೀಮೆಯಲ್ಲಿ ಎಷ್ಟು ತೋಟ ಎದ್ದಿದೆ ನೋಡು’, ಇವೆರಡೂ ನನ್ನ ತಲೆಯಲ್ಲಿದ್ದವು, ಎರಡೂ ಗಟ್ಟಿಯಾಗಿಯೇ ಇದ್ದವು. ಎಲ್ಲಿ ಕಲಿತೆ ಎಂದು ಕೇಳಿದರೆ ಉತ್ತರ ಬರಲಿಲ್ಲ. ಬಂದದ್ದು ನೆನಪು ಮಾತ್ರ. 2000ದಲ್ಲಿ ಮಡಗಾಸ್ಕರ್‌ಗೆ ಹುದಾ ಚಂಡಮಾರುತ ಬಡಿದು ಅಲ್ಲಿನ ವೆನಿಲ್ಲಾ ತೋಟಗಳಿಗೆ ಹಾನಿಯಾದ ಮೇಲೆ ನಮ್ಮ ಕಡೆ ಹಸಿ ವೆನಿಲ್ಲಾ ಬೀನ್ಸ್ ಕಿಲೋಗೆ ಸಾವಿರಾರು ರೂಪಾಯಿಗೆ ಹೋಗಿತ್ತು. ಜನ ರಾತ್ರಿ ಟಾರ್ಚ್ ಹಿಡಿದು ಬಳ್ಳಿ ಕಾದರು, ಬಳ್ಳಿಯ ತುಂಡುಗಳನ್ನೂ ಅಳತೆ ಮಾಡಿ ಮಾರಿದರು, ಬೆಳಿಗ್ಗೆ ಹೆಂಗಸರು ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದರು. ಎರಡು ಮೂರು ವರ್ಷದಲ್ಲಿ ಬೆಲೆ ಕುಸಿದು ಬಳ್ಳಿಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ರಬ್ಬರ್ 2011ರಲ್ಲಿ ಕಿಲೋಗೆ ಇನ್ನೂರು ರೂಪಾಯಿ ದಾಟಿದಾಗ ಗುಡ್ಡ ಗುಡ್ಡವೇ ರಬ್ಬರ್ ಆಯಿತು. ಐದು ವರ್ಷ ಕಳೆಯುವಷ್ಟರಲ್ಲಿ ನೂರರ ಆಸುಪಾಸಿಗೆ ಇಳಿದು, ಟ್ಯಾಪಿಂಗ್ ಕೂಲಿಯೂ ಹುಟ್ಟದೆ ಮರಗಳನ್ನು ಹಾಗೇ ಬಿಟ್ಟವರಿದ್ದರು. 2024ರಲ್ಲಿ ಕೊಕ್ಕೋ ಜಗತ್ತಿನ ಮಾರುಕಟ್ಟೆಯಲ್ಲಿ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟುತ್ತದೆಂದು ನಮ್ಮಲ್ಲಿ ಯಾರಿಗೆ ಮೊದಲೇ ಅನ್ನಿಸಿತ್ತು? ಅನ್ನಿಸಿದ್ದರೆ ಅಡಿಕೆಯ ನಡುವಿನ ಕೊಕ್ಕೋ ಗಿಡಗಳನ್ನು ಅಷ್ಟು ಮನೆಗಳಲ್ಲಿ ಕಡಿಯುತ್ತಿರಲಿಲ್ಲ. ಧಾರಣೆ ನಮಗೆ ಕಲಿಸುವುದಿಲ್ಲ. ಒಮ್ಮೆ ಕೊಟ್ಟ ಉತ್ತರವನ್ನು ಮತ್ತೊಮ್ಮೆ ಕೊಡುವುದಿಲ್ಲ. ಹಾಗಾಗಿ ಆ ಎರಡೂ ಮಾತುಗಳ ಮೇಲೆ ಗೆರೆ ಎಳೆದೆ. ಧಾರಣೆ ಅರ್ಧಕ್ಕೆ ಇಳಿದರೂ ತಾಳುವಂತಿರಬೇಕು, ಒಂದೇ ಬೆಳೆಯ ಮೇಲೆ ನಿಲ್ಲಬಾರದು ಎಂಬ ಲೆಕ್ಕವನ್ನು ಅದರ ಜಾಗದಲ್ಲಿ ಬರೆದೆ. ಯಜಮಾನರಿಗೆ ಇದು ಹಿಡಿಸಲಿಲ್ಲ, ಆದರೆ ವೆನಿಲ್ಲಾ ನೆನಪು ಅವರಿಗೂ ಇತ್ತು.

ಮೂರನೆಯ ಮಾತನ್ನು ಬರೆಯಲು ಹೆಚ್ಚು ಹೊತ್ತು ಹಿಡಿಯಿತು. ಕಡಿಯುವುದನ್ನು ಯೋಚಿಸಿದಾಗಲೆಲ್ಲ ಹೊಟ್ಟೆಯಲ್ಲಿ ಒಂದು ಬಿಗಿತ ಬರುತ್ತಿತ್ತು. ಅದನ್ನು ನಾನು ‘ಮರ ಉಳಿಯುತ್ತದೆ’ ಎಂಬ ಸೂಚನೆಯೆಂದು ತಿಳಿದಿದ್ದೆ. ಎಲ್ಲಿ ಕಲಿತೆ ಎಂದು ಕೇಳಿದಾಗ ಕಣ್ಣ ಮುಂದೆ ಬಂದವರು ಮಾವ. ತಲೆಹೊರೆಯಲ್ಲಿ ಮಣ್ಣು ಹೊತ್ತು, ವಿಟ್ಲದ ಸಂಶೋಧನಾ ಕೇಂದ್ರದ ಮಂಗಳ ತಳಿಯ ಸಸಿ ತಂದು ನೆಟ್ಟವರು ಅವರು. ಈಗಿಲ್ಲ. ಬಿಗಿತ ಅಡಿಕೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ, ಅತ್ತೆಯ ಮುಖ ನೋಡಿ ಹೇಗೆ ಹೇಳಲಿ ಎಂಬುದನ್ನು ಹೇಳುತ್ತಿತ್ತು. ಹಾಗಿದ್ದರೆ ಅದಕ್ಕೆ ಉತ್ತರ ಸಿಗುವುದು ತೋಟದಲ್ಲಲ್ಲ, ಅತ್ತೆಯ ಹತ್ತಿರ.

ಅತ್ತೆ ಎಂಬತ್ತು ದಾಟಿದವರು. ಅಂಗಳದ ಮೂಲೆಯಲ್ಲಿ ಕೂತು ಕೊತ್ತಳಿಗೆ ಸೀಳುತ್ತಿದ್ದರು. ವಿಷಯ ತೆಗೆದೆ. ಅವರು ಅಳುತ್ತಾರೆಂದುಕೊಂಡಿದ್ದೆ. ಕತ್ತಿ ಕೆಳಗಿಟ್ಟು ಕೇಳಿದರು, “ಎಲ್ಲಿಯದ್ದು ಕಡಿಯುವುದು? ಕೆಳಗಿನದ್ದೋ, ಮೇಲಿನದ್ದೋ?”

“ಇನ್ನೂ ಗೊತ್ತಾಗಿಲ್ಲ ಅತ್ತೆ. ನೀವೇನು ಹೇಳುತ್ತೀರಿ?”

“ಕೆಳಗಿನದ್ದು ಗದ್ದೆಯಾಗಿತ್ತು. ನಾನು ಮದುವೆಯಾಗಿ ಬಂದಾಗ ಅಲ್ಲಿ ಎರಡು ಬೆಳೆ ಭತ್ತ. ಮಣ್ಣು ಹಾಕಿ ಅಡಿಕೆ ಇಡುತ್ತೇವೆಂದು ನಿನ್ನ ಮಾವ ಹೊರಟಾಗ ಅವರ ತಾಯಿ ಮಾತು ಬಿಟ್ಟಿದ್ದರು. ಅಲ್ಲಿ ಮೂಡು ಮೂಲೆಯಲ್ಲಿ ಒಂದು ಒರತೆ ಇತ್ತು. ಅದನ್ನು ಮುಚ್ಚಿದ್ದು. ಒರತೆ ಮುಚ್ಚಿದರೆ ನೀರು ಎಲ್ಲಿಗೆ ಹೋಗುತ್ತದೆ? ನೀರು ಬಸಿಯಲು ಕಣಿ ಎಷ್ಟು ತೆಗೆದರೂ ಅಲ್ಲಿ ಬೇರು ಒಣಗುವುದಿಲ್ಲ.”

ಮಣ್ಣಿನ ವರದಿಯಲ್ಲಾಗಲಿ ನನ್ನ ನೋಟ್‌ಬುಕ್‌ನಲ್ಲಾಗಲಿ ಈ ಒರತೆ ಇರಲಿಲ್ಲ. ಕೆಳಗಿನ ತುಂಡಿನ ಮರಗಳು ಉಳಿದ ಕಡೆಗಿಂತ ಬೇಗ ಬಿದ್ದದ್ದು ಏಕೆ ಎಂಬುದು ಸ್ವಲ್ಪ ಅರ್ಥವಾಯಿತು. ರೋಗಕ್ಕೆ ಬೇರೆ ಕಾರಣವಿದ್ದರೂ, ನೀರಿನಲ್ಲಿ ನಿಂತ ಬೇರಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಅತ್ತೆ ಎಲ್ಲದಕ್ಕೂ ಒಪ್ಪಿದರೆಂದಲ್ಲ. ಕೆರೆಯ ಪಕ್ಕದ ಮನೆತೋಟದ ವಿಷಯಕ್ಕೆ ಬಂದಾಗ ಅವರ ಧ್ವನಿ ಗಡುಸಾಯಿತು. “ಅದರ ಮೈ ಮುಟ್ಟಬೇಡ. ನಾನಿರುವವರೆಗೂ ಬೇಡ, ಆಮೇಲೂ ಬೇಡ.” ಅಲ್ಲಿ ಸುಣ್ಣದ ಪಟ್ಟಿ ಇದ್ದ ಮರಗಳು ಕಡಿಮೆಯೇ. ಕೆಲವು ಮರಗಳಂತೂ ಸುತ್ತ ಎಲ್ಲ ಹಳದಿಯಾದರೂ ಕಡು ಹಸಿರಾಗಿ ನಿಂತಿದ್ದವು. ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ರೋಗದ ನಡುವೆ ಹೀಗೆ ಉಳಿದ ಮರಗಳನ್ನೇ ಹುಡುಕಿ, ಅವುಗಳಿಂದ ತಾಳುವ ತಳಿ ಪಡೆಯಲು ಸಂಕರಣ ಮತ್ತು ಅಂಗಾಂಶ ಕೃಷಿಯ ಕೆಲಸ ನಡೆಸುತ್ತಿದ್ದಾರೆ. ಅತ್ತೆಯ ಹಟಕ್ಕೂ ವಿಜ್ಞಾನಿಗಳ ಹುಡುಕಾಟಕ್ಕೂ ಅಲ್ಲಿ ಒಂದೇ ದಾರಿ ಇತ್ತು. ಮನೆತೋಟದ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಇಷ್ಟಾದ ಮೇಲೂ ತಗ್ಗು ಮತ್ತು ಗುಡ್ಡದ ಬದಿಯ ಬಗ್ಗೆ ಮನಸ್ಸು ತಿಳಿಯಾಗಲಿಲ್ಲ. ಆಗ ಬೇರೊಂದು ಕೆಲಸ ಮಾಡಿದೆ. ಯಾರಿಗೂ ಹೇಳದೆ, ಎರಡನ್ನೂ ಕಡಿಯುವುದೆಂದು ತೀರ್ಮಾನವಾಗಿಬಿಟ್ಟಿದೆ ಎಂದುಕೊಂಡು ಕೆಲವು ದಿನ ಬದುಕಿದೆ. ಬೆಳಿಗ್ಗೆ ಎದ್ದು ಕಾಫಿ ಕುಡಿಯುವಾಗ ‘ಇವತ್ತು ಮರ ಕಡಿಯುವವರಿಗೆ ಹೇಳಿ ಕಳಿಸಬೇಕು’ ಎಂದು ನಿಜವಾಗಿಯೂ ಯೋಚಿಸುವುದು, ಕಡಿದ ಮೇಲೆ ಬಿಸಿಲು ಎಲ್ಲಿ ಬೀಳುತ್ತದೆ, ನೀರಿನ ಪೈಪು ಎಲ್ಲಿ ಬದಲಾಗಬೇಕು ಎಂದು ನೋಡುತ್ತಾ ನಡೆಯುವುದು. ಆಮೇಲೆ ಅಷ್ಟೇ ದಿನ, ಯಾವುದನ್ನೂ ಕಡಿಯುವುದಿಲ್ಲವೆಂದು ತೀರ್ಮಾನವಾಗಿದೆ ಎಂದುಕೊಂಡು. ಎರಡೂ ಸಲ ಮನಸ್ಸಿನಲ್ಲಿ ಏನು ಕದಲಿತು ಎಂದು ಬರೆದಿಟ್ಟೆ. ಅದರಿಂದ ಸಿಕ್ಕಿದ್ದು ನಾನು ಎದುರು ನೋಡದ ಸಂಗತಿ. ಕಡಿಯುವ ತೀರ್ಮಾನದೊಂದಿಗೆ ಬದುಕಿದಾಗ, ತಗ್ಗಿನ ಬಗ್ಗೆ ಇದ್ದ ಸಂಕಟ ಮೊದಲ ದಿನ ಜೋರಾಗಿತ್ತು, ಮತ್ತೆ ಇಳಿಯುತ್ತಾ ಹೋಯಿತು. ಗುಡ್ಡದ ಬದಿಯ ಬಗ್ಗೆ ಮೊದಲ ದಿನ ಏನೂ ಅನ್ನಿಸಿರಲಿಲ್ಲ. ದಿನ ಕಳೆದಂತೆ ಕಳವಳ ಏರುತ್ತಾ ಹೋಯಿತು, ರಾತ್ರಿ ಎಚ್ಚರವಾಗುವಷ್ಟು.

ಆ ಏರುವ ಕಳವಳವನ್ನೂ ಕೇಳಿದೆ, ಎಲ್ಲಿಂದ ಬಂದೆ ಎಂದು. ಉತ್ತರ 2018ರ ಆಗಸ್ಟ್‌ನಲ್ಲಿತ್ತು. ನಮ್ಮ ಮೇಲಿನ ಊರುಗಳಾದ ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡ ಜಾರಿ ಮನೆಗಳನ್ನು ಎಳೆದುಕೊಂಡು ಹೋದ ತಿಂಗಳು ಅದು. ಪಯಸ್ವಿನಿ ಹೊಳೆಯಲ್ಲಿ ಮರದ ದಿಮ್ಮಿಗಳೂ ಕೆಸರೂ ಒಟ್ಟಿಗೆ ಹರಿದವು, ಮಡಿಕೇರಿ ರಸ್ತೆ ಮುಚ್ಚಿತು. ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದವರಿಗೆ ನಮ್ಮ ಕಡೆಯ ಶಾಲೆಗಳಲ್ಲಿ ಅನ್ನ ಬಡಿಸಿದ್ದೆವು. ಗುಡ್ಡದ ಮೈಯಿಂದ ಒಮ್ಮೆಲೇ ಮರ ತೆಗೆದು, ಬೇರು ಕಿತ್ತು, ಮಣ್ಣು ಸಡಿಲ ಮಾಡಿ ಒಂದು ಮಳೆಗಾಲಕ್ಕೆ ಒಡ್ಡಿದರೆ ಏನಾಗಬಹುದೆಂದು ನನ್ನ ಮೈ ಮರೆತಿರಲಿಲ್ಲ, ತಲೆ ಮರೆತಿತ್ತು. ಭಯ ಎಂದರೆ ತಳ್ಳಿಹಾಕಬೇಕಾದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾವನ ನೆನಪಿನ ಬಿಗಿತ, ಗುಡ್ಡದ ಕಳವಳ, ಎರಡೂ ಭಯವೇ, ಮೈಯಲ್ಲಿ ಬಂದದ್ದೂ ಹೆಚ್ಚುಕಡಿಮೆ ಒಂದೇ ಕಡೆ. ಒಂದು ಅತ್ತೆಯೊಡನೆ ಮಾತಾಡಿದ ಸಂಜೆಯೇ ಕರಗಿತು. ಇನ್ನೊಂದು ಯಾರೊಡನೆ ಮಾತಾಡಿದರೂ ಕರಗಲಿಲ್ಲ. ಕರಗಬಾರದಿತ್ತು ಕೂಡ.

ಇನ್ನು ಉಳಿದದ್ದು ಒಂದು ಸರಳ ವಿಚಾರ: ಯಾವುದನ್ನು ಮಾಡಿದರೆ ಹಿಂದೆ ಬರಬಹುದು, ಯಾವುದನ್ನು ಮಾಡಿದರೆ ಬರಲಾಗದು. ಕಡಿದ ಅಡಿಕೆ ಮರದ ಜಾಗಕ್ಕೆ ಇನ್ನೊಂದು ಮರ ಫಸಲಿಗೆ ಬರಲು ಆರೇಳು ವರ್ಷ ಬೇಕು. ಮರಗಳ ನಡುವೆ ನೆಟ್ಟ ಕಾಫಿ ಗಿಡ ಸರಿಬರದಿದ್ದರೆ ಒಂದು ಬೆಳಿಗ್ಗೆಯಲ್ಲಿ ಕಿತ್ತು ಹಾಕಬಹುದು. ಆದ್ದರಿಂದ ಗುಡ್ಡದ ಬದಿಯಲ್ಲಿ ಯಾವ ಮರವನ್ನೂ ಕಡಿಯದೆ, ಒಂಬತ್ತು ಅಡಿ ಅಂತರದ ನಾಲ್ಕು ಮರಗಳ ನಡುವೆ ಒಂದೊಂದು ರೊಬಸ್ಟಾ ಕಾಫಿ ಗಿಡ ನೆಡುವುದು. ಹಳದಿ ಮರ ತಾನಾಗಿ ಬಿದ್ದಂತೆ ಕಾಫಿಗೆ ಬೆಳಕು ಸಿಗಲಿ, ಬೇರು ಬೇರನ್ನು ಹಿಡಿದುಕೊಂಡಿರಲಿ. ಗಟ್ಟಿ ಮರಗಳಿಗೆ ಕಾಳುಮೆಣಸಿನ ಬಳ್ಳಿ. ಮೊದಲು ಒಂದು ಮೆಟ್ಟಿಲಿಗೆ ಮಾತ್ರ ನೆಟ್ಟೆವು, ಮುಂದಿನ ವರ್ಷ ಉಳಿದದ್ದಕ್ಕೆ. ತಗ್ಗಿನದ್ದನ್ನು ಪೂರ್ತಿ ಕಡಿಯುವುದು.

ಕಡಿಯುವ ಕೆಲಸವನ್ನು ಕೊಯ್ಲು ಮುಗಿದ ಮೇಲೆ, ಮಳೆಗೆ ಮೊದಲು ಇಟ್ಟುಕೊಂಡೆವು. ಯಜಮಾನರು ರಜೆ ಹಾಕಿ ಬಂದು ನಿಂತರು. ಮಾತು ಕಡಿಮೆ ಇತ್ತು. ಚೆನ್ನಾಗಿದ್ದ ಕಾಂಡಗಳನ್ನು ಸೀಳಿ ಸಲಾಕೆ ಮಾಡಿಸಿದೆವು, ಅಂಗಳದ ಚಪ್ಪರಕ್ಕೆ ಆಯಿತು. ಕೆಲವನ್ನು ಕೊರೆದು ನೀರು ಹರಿಸುವ ದಂಬೆ ಮಾಡಿದರು. ಬೇರು ಕಿತ್ತಾಗ ಅತ್ತೆ ಹೇಳಿದ ಮೂಡು ಮೂಲೆಯಲ್ಲಿ, ಉರಿಬೇಸಿಗೆಯಲ್ಲೂ, ಗುಂಡಿಯಲ್ಲಿ ನೀರು ಬಂತು. ಕೊಯ್ಲಿನ ಅಣ್ಣ ಕೈ ಹಾಕಿ ನೋಡಿ, “ಅಕ್ಕಾ, ಇದು ತಣ್ಣೀರು, ಹರಿಯುವ ನೀರು” ಎಂದರು. ಆ ಒರತೆಯನ್ನು ಮತ್ತೆ ಮುಚ್ಚಿಸಲಿಲ್ಲ. ಅದರಿಂದ ಹೊರಟು ಹಳ್ಳಕ್ಕೆ ಸೇರುವಂತೆ ಆಳವಾದ ಕಣಿ ತೆಗೆಸಿದೆವು.

ಕಾಫಿಯ ವಿಷಯದಲ್ಲಿ ಹೇಳಲೇಬೇಕಾದ್ದು ಒಂದಿದೆ. ನನಗೆ ಕಾಫಿಯ ಬಗ್ಗೆ ಏನಾದರೂ ‘ಅನ್ನಿಸಿದರೆ’ ಅದನ್ನು ನಾನು ಪಕ್ಕಕ್ಕಿಡುತ್ತೇನೆ. ಅಡಿಕೆಯ ಕಣ್ಣು ಕಾಫಿಗೆ ಬರುವುದಿಲ್ಲ. ಗಿಡ ಬಾಡಿದಂತೆ ಕಂಡರೆ ನೀರು ಹಾಕು ಎಂದು ಅಡಿಕೆಯ ಮನಸ್ಸು ಹೇಳುತ್ತದೆ. ಆದರೆ ರೊಬಸ್ಟಾಗೆ ಹೂವಿಗೆ ಮೊದಲು ಒಂದಿಷ್ಟು ಒಣ ದಿನಗಳು ಬೇಕು. ಮೊಗ್ಗು ಬಲಿತ ಮೇಲೆ ಮಳೆಯೋ ಸ್ಪ್ರಿಂಕ್ಲರ್ ನೀರೋ ಒಮ್ಮೆ ಚೆನ್ನಾಗಿ ಬೀಳಬೇಕು. ಎಂಟು ಹತ್ತು ದಿನದಲ್ಲಿ ಹೂವು ಅರಳುತ್ತದೆ. ಅರಳಿದ ದಿನ ಮಳೆ ಬಂದರೆ ಕಾಯಿ ಕಚ್ಚುವುದು ಕೆಡುತ್ತದೆ. ಆಮೇಲೆ ಎರಡನೆಯ ನೀರು. ಇದನ್ನೆಲ್ಲ ಮಡಿಕೇರಿ ಕಡೆ ತೋಟವಿರುವ ಸೋದರತ್ತಿಗೆಯನ್ನು ಫೋನಿನಲ್ಲಿ ಕೇಳಿ ಕೇಳಿಯೇ ಮಾಡಿದ್ದೇನೆ. ಗಿಡದ ಚಿತ್ರ ಕಳಿಸುತ್ತೇನೆ, ಅವರು ಹೇಳಿದಂತೆ ಮಾಡುತ್ತೇನೆ, ನೋಟ್‌ಬುಕ್‌ನಲ್ಲಿ ಅವರು ಹೇಳಿದ್ದು ಒಂದು ಕಡೆ, ನನಗೆ ಅನ್ನಿಸಿದ್ದು ಇನ್ನೊಂದು ಕಡೆ ಬರೆಯುತ್ತೇನೆ. ಇತ್ತೀಚೆಗೆ ಎರಡೂ ಹೊಂದುವ ಸಾಲುಗಳು ಹೆಚ್ಚುತ್ತಿವೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದಾಗ ನೆರೆಯವರು ನಮ್ಮ ದೂರದೃಷ್ಟಿಯನ್ನು ಹೊಗಳಿದರು. ನಾವು ಕಾಫಿ ಇಟ್ಟದ್ದು ಬೆಲೆ ನೋಡಿಯಲ್ಲ, ಗುಡ್ಡ ನೋಡಿ ಎಂದು ಹೇಳಿದೆ. ಅವರು ನಂಬಿದರೋ ಇಲ್ಲವೋ.

ತಗ್ಗಿನ ತುಂಡಿನಲ್ಲಿ ಮುಂದೆ ಏನು ಬೆಳೆಯುವುದೆಂಬುದು ಈಗಲೂ ತೀರ್ಮಾನವಾಗದೆ ಉಳಿದಿದೆ, ಅದಕ್ಕೆ ನನಗೆ ಅವಸರವೂ ಇಲ್ಲ. ಸದ್ಯಕ್ಕೆ ಮಣ್ಣು ಏರಿಸಿ ಕದಳಿ, ನೇಂದ್ರ ಬಾಳೆ ಇಟ್ಟಿದ್ದೇವೆ. ಬಾಳೆ ನನಗೆ ಗೊತ್ತಿರುವ ಬೆಳೆ, ವರ್ಷದೊಳಗೆ ಸರಿ ತಪ್ಪು ಹೇಳಿಬಿಡುತ್ತದೆ. ಯಜಮಾನರು ಮನೆತೋಟದ ಹಸಿರು ಮರಗಳ ಬೀಜದಿಂದ ಸಸಿ ಮಾಡಿ ಅಲ್ಲಿ ಮತ್ತೆ ಅಡಿಕೆ ಇಡಬೇಕೆನ್ನುತ್ತಾರೆ, ಮಗಳು ಜಾಯಿಕಾಯಿ ಎನ್ನುತ್ತಾಳೆ, ಅತ್ತೆ ಒಂದು ಮೂಲೆಯಲ್ಲಾದರೂ ಭತ್ತ ಬಿತ್ತಿ ನೋಡಿ ಎನ್ನುತ್ತಾರೆ. ಹೊಸ ಕಣಿಯಲ್ಲಿ ನೀರು ಎಷ್ಟು ಇಳಿಯುತ್ತದೆಂದು ಈ ಮಳೆಗಾಲ ಪೂರ್ತಿ ಅಳೆದು, ಕೊಯ್ಲು ಮುಗಿದ ಮೇಲೆ ನಾಲ್ವರೂ ಕೂತು ಮಾತಾಡುವುದೆಂದು ಒಪ್ಪಿಕೊಂಡಿದ್ದೇವೆ. ಯಾರಿಗೆ ಏನು ಅನ್ನಿಸಿದರೂ ಸರಿ, ಅದು ಎಲ್ಲಿಂದ ಬಂತೆಂದು ಹೇಳಬೇಕು ಎಂಬ ಷರತ್ತನ್ನು ಯಜಮಾನರೇ ಹಾಕಿದ್ದಾರೆ.